ಕನ್ನಡಕದಂಗಡಿಯ ಶಿಕಾರಿ

ಅಂದು ಸಂಜೆ ನಮ್ಮ ಬೀದಿಯ ವಾಚನಾಲಯದ ಗಾಜಿನ ಬಾಗಿಲನ್ನು ಜವಾನ ಯಾವತ್ತೂ ಇಲ್ಲದ ಶ್ರದ್ಧೆಯಿಂದ ಒರೆಸಿದ್ದ. ಕಾದಂಬರಿಕಾರರು ಬರುತ್ತಾರೆ, ಓದುಗರ ಜೊತೆ ಮಾತಾಡುತ್ತಾರೆ ಎಂಬ ಗೌರವಕ್ಕೆ. ಉಳಿದ ದಿನಗಳಲ್ಲಿ ಆ ಗಾಜಿನ ಮೇಲೆ ಓದುಗರ ಬೆರಳಚ್ಚು, ಮಕ್ಕಳ ಹಣೆಯ ಎಣ್ಣೆ, ಹಳೆಯ ಪ್ರಕಟಣೆಗಳ ಅಂಟು ಎಲ್ಲ ಸೇರಿ, ಇಲ್ಲೊಂದು ಬಾಗಿಲಿದೆ ಎಂದು ಬೀದಿಯ ಆ ತುದಿಗೇ ಗೊತ್ತಾಗುತ್ತಿತ್ತು. ಅಂದು ಗೊತ್ತಾಗುವಂತಿರಲಿಲ್ಲ. ಕಾದಂಬರಿಕಾರರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪುಸ್ತಕ, ಮುಖದಲ್ಲಿ ಸಂಕೋಚದ ನಗು. ನಗುನಗುತ್ತಲೇ ಮೆಟ್ಟಿಲು ಹತ್ತಿದರು, ನಗುನಗುತ್ತಲೇ ಬಂದು ಗಾಜಿಗೆ ಮುಖ ಕೊಟ್ಟರು.

ಸದ್ದು ಒಳಗಿದ್ದವರಿಗೆಲ್ಲ ಕೇಳಿಸಿತು. ಅಷ್ಟು ಹೊತ್ತು ಉಜ್ಜಿ ಫಳಫಳ ಮಾಡಿದ್ದ ಗಾಜಿನ ಮೇಲೆ ಒಂದು ಮೂಗಿನ ಮುದ್ರೆ ಬಿತ್ತು. ಲೇಖಕರ ಹಸ್ತಾಕ್ಷರ ಕೇಳಿದ್ದೆವು, ಮೂಗಿನ ಅಕ್ಷರ ಮೊದಲು ಸಿಕ್ಕಿತು.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದೆವು. ಆದರೆ ಈ ಕಾದಂಬರಿಕಾರರು ಅದೇ ಬೀದಿಯಲ್ಲಿ ಬಹಳ ಕಾಲದಿಂದ ಕನ್ನಡಕದಂಗಡಿ ಇಟ್ಟುಕೊಂಡವರು. ಬಾಗಿಲು ಯಾವುದು, ಗೋಡೆ ಯಾವುದು ಎಂದು ಬೀದಿಯ ಅರ್ಧ ಜನಕ್ಕೆ ತಿಳಿಯುವುದೇ ಇವರ ದಯೆಯಿಂದ. ಸಾಲದ್ದಕ್ಕೆ, ಇವರ ಕಾದಂಬರಿಯ ಬೇಟೆಗಾರ ಮಬ್ಬುಗತ್ತಲಲ್ಲಿ ಮರದ ಮೇಲೆ ಕೂತು, ಆಚೆ ದಡದ ಪೊದೆಯಲ್ಲಿ ಅಲ್ಲಾಡಿದ ಚಿರತೆಯ ಕಿವಿಯನ್ನು ಕಾಣುತ್ತಾನೆ.

"ಚಿರತೆ ಕಿವಿ ಕಾಣುತ್ತಂತೆ, ಆಳೆತ್ತರದ ಬಾಗಿಲು ಕಾಣಲ್ವಂತೆ," ಎಂದರು ಹಿಂದೆಯೇ ಬಂದ ಅವರ ಹೆಂಡತಿ.

"ಒಳ್ಳೆ ಗಾಜು ಕಣೇ," ಎಂದರು ಅವರು ಮೂಗು ಹಿಡಿದುಕೊಂಡು. ಕೈ ತೆಗೆದು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ಚೊಕ್ಕಟವಾದ ಗಾಜು ನಮ್ಮಂಗಡೀಲೂ ಇಲ್ಲ. ಯಾರಪ್ಪ ಒರೆಸಿದ್ದು?"

ಓಡಿಹೋಗಲು ಸಿದ್ಧನಾಗಿದ್ದ ಜವಾನ ನಾಚಿಕೊಂಡು ನಿಂತ. ಪೆಟ್ಟು ಬಿದ್ದ ಮೂಗಿನಿಂದಲೇ ಪೆಟ್ಟು ಕೊಟ್ಟವನಿಗೆ ಶಹಬ್ಬಾಸ್ ಹೇಳುವ ಮನುಷ್ಯನನ್ನು ನಾನು ಅಂದೇ ಮೊದಲು ನೋಡಿದ್ದು. ಅವರ ಬಗ್ಗೆ ಬರೆಯಬೇಕು ಅನ್ನಿಸಿದ್ದೂ ಅಂದೇ.

ಬೀದಿಯವರೆಲ್ಲ ಅವರನ್ನು ಚಾಳೀಸು ಮಾವ ಎನ್ನುತ್ತಾರೆ. ನಲವತ್ತು ದಾಟಿದವರು ಯಾರೇ ಎದುರಾಗಲಿ, ಅವರು ಪತ್ರಿಕೆಯನ್ನು ಎಷ್ಟು ದೂರ ಹಿಡಿದು ಓದುತ್ತಾರೆಂದು ಓರೆಗಣ್ಣಿನಲ್ಲಿ ಅಳೆದು, "ಚಾಳೀಸು ಬಂತು, ಬನ್ನಿ ಬನ್ನಿ" ಎನ್ನುತ್ತಾರೆ. ನಿಮಗೆ ವಯಸ್ಸಾಯಿತು ಎಂಬ ಸುದ್ದಿಯನ್ನು ಇಷ್ಟು ಸಂಭ್ರಮದಿಂದ ಮುಟ್ಟಿಸುವವರು ಇನ್ನೊಬ್ಬರಿಲ್ಲ. ನನಗೂ ಅವರೇ ಮುಟ್ಟಿಸಿದ್ದು. ಕಣ್ಣು ಕೆಟ್ಟಾಗ ಯಾರೂ ಕನ್ನಡಕಕ್ಕೆ ಬರುವುದಿಲ್ಲ, ಕೈ ಉದ್ದ ಸಾಲದಾದಾಗ ಬರುತ್ತಾರೆ ಎಂಬುದು ಅವರ ಸಿದ್ಧಾಂತ.

ಅಂಗಡಿ ರೈಲಿನ ಡಬ್ಬಿಯಂತೆ ಕಿರಿದು. ಅಷ್ಟು ಚಿಕ್ಕ ಜಾಗದಲ್ಲಿ ಅಕ್ಷರದ ಹಲಗೆಯನ್ನು ಬೇಕಾದಷ್ಟು ದೂರಕ್ಕೆ ಇಡಲಾಗುವುದಿಲ್ಲ. ಹಾಗಾಗಿ ಹಲಗೆ ಇರುವುದು ಗಿರಾಕಿಯ ತಲೆಯ ಹಿಂದೆ, ಎದುರು ಗೋಡೆಯಲ್ಲಿ ಕನ್ನಡಿ. ಅಕ್ಷರಗಳನ್ನು ಹಲಗೆಯಲ್ಲಿ ತಿರುವುಮುರುವಾಗಿ ಬರೆದು, ಕನ್ನಡಿಯಲ್ಲಿ ನೆಟ್ಟಗೆ ಓದಿಸುತ್ತಾರೆ. ಮೂಗಿನ ಮೇಲೊಂದು ಭಾರದ ಕಬ್ಬಿಣದ ಚೌಕಟ್ಟು ಕೂರಿಸಿ, ಅದರೊಳಗೆ ಒಂದು ಮಸೂರ ಇಳಿಬಿಟ್ಟು, ತೆಗೆದು, ಇನ್ನೊಂದು ಇಳಿಬಿಟ್ಟು ಕೇಳುತ್ತಾರೆ: "ಇದೋ, ಅದೋ?"

ಮಾವನ ಇಡೀ ಜೀವನವೇ ಈ ಎರಡು ಪದಗಳಲ್ಲಿದೆ. "ಎರಡೂ ಒಂದೇ ಥರ ಇದೆ" ಎಂದರೆ ಬೇಸರವಿಲ್ಲ, "ಹಾಗಾದ್ರೆ ಇನ್ನೊಂದ್ಸಲ ನೋಡೋಣ" ಎನ್ನುತ್ತಾರೆ. ಇಷ್ಟು ದಪ್ಪ ಅಕ್ಷರವೂ ಕಾಣಲ್ವಾ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ತಪ್ಪು ಓದಿದರೂ "ಸರಿ, ಮುಂದೆ" ಅಷ್ಟೇ. ಕಾಣಬೇಕಾದವರು ನೀವು, ಗಾಜು ಹಿಡಿಯುವವನು ಮಾತ್ರ ನಾನು ಎಂಬ ಧಾಟಿ.

ಒಬ್ಬ ಬಸ್ ಡ್ರೈವರ್, ಕಣ್ಣಿಂದಾಗಿ ಎಲ್ಲಿ ಕೆಲಸ ಹೋಗುತ್ತದೋ ಎಂಬ ಹೆದರಿಕೆಯಲ್ಲಿ, ಹಲಗೆಯ ಅಕ್ಷರಗಳನ್ನೆಲ್ಲ ಯಾರಿಂದಲೋ ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಕುರ್ಚಿಯಲ್ಲಿ ಕೂತವನೇ ಕೊನೆಯ ಸಾಲಿನ ತನಕ ಗಡಗಡ ಒಪ್ಪಿಸಿದ. ಹಲಗೆಯ ದೀಪ ಇನ್ನೂ ಹಾಕಿರಲಿಲ್ಲ. ಮಾವ ಬೈಯಲಿಲ್ಲ, ನಗಲೂ ಇಲ್ಲ. "ನಿನ್ನ ನಾಲಿಗೆಗೆ ಕನ್ನಡಕ ಬೇಡಪ್ಪ, ಅದು ಚೆನ್ನಾಗಿದೆ. ಈಗ ಕಣ್ಣಿಂದು ನೋಡೋಣ" ಎಂದು ದೀಪ ಹಾಕಿದರು. ಆತ ಕನ್ನಡಕ ಹಾಕಿಕೊಂಡು ಇವತ್ತಿಗೂ ಬಸ್ಸು ಓಡಿಸುತ್ತಿದ್ದಾನೆ. ಆ ಬಸ್ಸಿನಲ್ಲಿ ನಾನು ಧೈರ್ಯವಾಗಿ ತೂಕಡಿಸುತ್ತೇನೆ.

ಇಂಥ ಸಾಧುಪ್ರಾಣಿ ಬೇಟೆಯ ಕಾದಂಬರಿ ಬರೆದದ್ದು ಹೇಗೆ? ಮಾವ ಬಂದೂಕು ಮುಟ್ಟಿದವರಲ್ಲ, ಕಾಡಿಗೆ ಹೋದವರಲ್ಲ. "ಮನೇಲಿ ಜಿರಳೆ ಕಂಡ್ರೆ ಕುರ್ಚಿ ಹತ್ತಿ ನನ್ನನ್ನ ಕರೀತಾರೆ. ಪುಸ್ತಕದಲ್ಲಿ ಚಿರತೆ ಕಂಡ್ರೆ ಮರ ಹತ್ತಿ ಬಂದೂಕು ಹಿಡೀತಾರೆ. ಎರಡರಲ್ಲೂ ಹತ್ತೋದು ಮಾತ್ರ ಗ್ಯಾರಂಟಿ," ಎನ್ನುತ್ತಾರೆ ಅವರ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತೆ. ಅಂಗಡಿಯಲ್ಲಿ ಚೌಕಟ್ಟುಗಳ ಕಡೆ ನೋಡಿಕೊಳ್ಳುವವರು ಇವರೇ. ಗಂಡ ಕಣ್ಣು ನೋಡಿದರೆ ಇವರು ಮೂಗು ನೋಡುತ್ತಾರೆ. ಯಾವ ಮೂಗಿಗೆ ಯಾವ ಚೌಕಟ್ಟು ಎಂಬುದರಲ್ಲಿ ಅತ್ತೆಯ ಮಾತೇ ಕೊನೆ.

ಕಾದಂಬರಿ ಹುಟ್ಟಿದ್ದು ಬೆಂಚಿನ ಮೇಲೆ. ಅಂಗಡಿಯ ಪಕ್ಕದಲ್ಲೇ ಕಣ್ಣಿನ ಡಾಕ್ಟರು. ಅವರ ಕಾಂಪೌಂಡರ್ ಬಂದವರ ಕಣ್ಣಿಗೆಲ್ಲ ಹನಿ ಹಾಕಿ, ಕಣ್ಣಿನ ಪಾಪೆ ಅಗಲವಾಗುವ ತನಕ ಕಾಯಿರಿ, ಆಮೇಲೆ ನಂಬರ್ ಕೂಗುತ್ತೇನೆ ಎಂದು ಹೊರಗೆ ಕಳಿಸುತ್ತಾನೆ. ಹೊರಗೆ ಕೂರಲು ಇದ್ದದ್ದು ಮಾವನ ಜಗಲಿಯ ಬೆಂಚು ಒಂದೇ. ಹನಿ ಬಿದ್ದವರಿಗೆ ಬೆಳಕು ಚುಚ್ಚುತ್ತದೆ, ಪತ್ರಿಕೆ ಓದಲಾಗುವುದಿಲ್ಲ, ಎದುರಿಗಿರುವವರ ಮುಖ ಮಸುಕು. ಸಾಲದ್ದಕ್ಕೆ ಒಳಗೆ ಡಾಕ್ಟರು ಏನು ಹೇಳುತ್ತಾರೋ ಎಂಬ ದಿಗಿಲು. ಕಣ್ಣು ಕೆಲಸ ಮಾಡದ ಹೊತ್ತಿನಲ್ಲಿ ಕಿವಿಗೇನಾದರೂ ಕೊಡೋಣ ಎಂದು ಮಾವ ಒಂದು ದಿನ ಚೌಕಟ್ಟಿಗೆ ತಿರುಪು ಬಿಗಿಯುತ್ತಾ ಶುರುಮಾಡಿದರಂತೆ: "ಒಂದು ಕಣಿವೆ. ಕಣಿವೇಲಿ ಒಂದು ಚಿರತೆ. ಮನುಷ್ಯರ ರುಚಿ ಕಂಡ ಚಿರತೆ."

ಬೆಂಚಿನ ಮೇಲಿದ್ದವರೆಲ್ಲ ದನಿ ಬಂದ ಕಡೆ ತಿರುಗಿ ಕೂತರು. ಭಯದಲ್ಲಿರುವವರಿಗೆ ಬೇರೆಯವರ ಭಯದಂಥ ಔಷಧ ಇನ್ನೊಂದಿಲ್ಲ. ಅಂದಿನಿಂದ ಕಥೆ ದಿನವೂ ನಡೆಯಿತು. ಆದರೆ ಬೆಂಚಿನ ಮೇಲಿನ ಜನ ದಿನವೂ ಬೇರೆ. ನಿನ್ನೆಯವರಿಗೆ ಚಿರತೆ ಕುರಿ ಹೊತ್ತದ್ದು ಗೊತ್ತು, ಇವತ್ತಿನವರಿಗೆ ಬೇಟೆಗಾರ ಬಂದದ್ದು ಗೊತ್ತು. ಒಬ್ಬರಿಗೂ ಪೂರ್ತಿ ಗೊತ್ತಿಲ್ಲ. ವಾರ ಕಳೆದು ಕಣ್ಣು ಸರಿಹೋದ ಮೇಲೆ ಅಂಗಡಿಗೆ ಬಂದು, "ಆಮೇಲೆ ಏನಾಯ್ತು?" ಎಂದು ಕೇಳುವವರು ಹೆಚ್ಚಾದರು. ಕನ್ನಡಕ ಕೊಳ್ಳುವವರಿಗಿಂತ ಕಥೆ ಕೇಳುವವರು ಜಾಸ್ತಿಯಾದಾಗ ಅತ್ತೆ ಗದರಿದರು: "ಬರೆದು ಬಿಸಾಕಿ ಅತ್ಲಾಗೆ. ಎಲ್ಲಾದ್ರೂ ಕೂತು ಓದ್ಕೊಳ್ಳಲಿ."

ಹೀಗೆ ಬಂತು 'ಹಳದಿ ಕಣ್ಣುಗಳ ಕಣಿವೆ'. ಓದಿದವರಿಗೆ ಬರೆದವರು ಯಾರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಬೇಟೆಗಾರನಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ, ಕನ್ನಡಕ ಹಾಕುತ್ತಾನೆ. ಪ್ರತಿ ಅಪಾಯದಲ್ಲೂ ಮೊದಲು ಕನ್ನಡಕ ಒರೆಸಿಕೊಳ್ಳುತ್ತಾನೆ, ಆಮೇಲೆ ಹೆದರುತ್ತಾನೆ. ಚಿರತೆಗೂ ಒಂದು ಕಣ್ಣು ಕೊಂಚ ಮೆಳ್ಳೆ. ಆದರೂ ಪುಸ್ತಕ ಕೈಗೆ ಸಿಕ್ಕಿದರೆ ಕೆಳಗಿಡುವುದು ಕಷ್ಟ. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕಿಸಿಕೊಂಡೆ. ಹಾಲಿಗೆ ಸಿಕ್ಕದ ಗಮನವೆಲ್ಲ ಚಿರತೆಯ ಪಾಲಾಗಿತ್ತು.

ವಾಚನಾಲಯದ ನಮ್ಮ ಓದುಗರ ಬಳಗಕ್ಕೆ ಒಂದು ಪದ್ಧತಿ ಇದೆ. ಹೊಸ ಪುಸ್ತಕವನ್ನು ಎಲ್ಲರೂ ಓದಿ, ಬರೆದವರು ಸಿಕ್ಕಿದರೆ ಕರೆಸಿ, ಚರ್ಚೆ ಮಾಡಿ, ಕೊನೆಗೆ ಕೈ ಎತ್ತಬೇಕು: ಕಿಟಕಿಯೋ, ಬೀರುವೋ? ಕಿಟಕಿ ಎಂದರೆ ಮುಂದಿನ ಕೋಣೆಯ ಕಿಟಕಿ ಪಕ್ಕದ ತೆರೆದ ಕಪಾಟು. ಅಲ್ಲಿಂದ ಯಾರು ಬೇಕಾದರೂ ತೆಗೆದು, ಅಲ್ಲೇ ಬೆಳಕಿನಲ್ಲಿ ಕೂತು ಓದಬಹುದು. ಬೀರು ಎಂದರೆ ಒಳಕೋಣೆಯ ಬೀಗ ಹಾಕಿದ ಕಬ್ಬಿಣದ ಬೀರು. ಎಳೆಯರ ಕೈಗೆ ಸಿಗಬಾರದ್ದು ಎಂದು ಬಳಗ ತೀರ್ಮಾನಿಸಿದ ಪುಸ್ತಕಗಳು ಅದರೊಳಗೆ. ಬೇಕಾದವರು ಗ್ರಂಥಪಾಲಕರ ಹತ್ತಿರ ಬೀಗ ತೆಗೆಸಿಕೊಂಡು, ಅವರ ಎದುರಿಗೇ, ಮಂಕು ಬಲ್ಬಿನ ಕೆಳಗೆ ಓದಬೇಕು. ನಾನು ಕಲಿತ ಕಾನ್ವೆಂಟಿನಲ್ಲೂ ಇಂಥದೊಂದು ಬೀರು ಇತ್ತು, ಕೀಲಿಕೈ ಸಿಸ್ಟರ್ ಸೊಂಟದಲ್ಲಿ. ಅದರೊಳಗೆ ಏನಿದೆ ಎಂದು ಊಹಿಸಿ ಊಹಿಸಿಯೇ ನನ್ನ ಕಲ್ಪನಾಶಕ್ತಿ ಬೆಳೆದದ್ದು.

ಮಾವನ ಪುಸ್ತಕವನ್ನು ಬೀರುವಿಗೆ ಹಾಕಬೇಕು ಎಂದು ಪಟ್ಟು ಹಿಡಿದವರು ಹೆಡ್‌ಮೇಡಂ. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಿವೃತ್ತಿ ಶಾಲೆಗೆ ಆಗಿದೆ, ಅವರಿಗಲ್ಲ. ಬಳಗದಲ್ಲಿ ಅವರು ಕೈ ಎತ್ತಿದರೆ ಉಳಿದ ಕೈಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಎದ್ದುಬಿಡುತ್ತವೆ, ಹಳೆಯ ಅಭ್ಯಾಸ.

ಹೀಗಾಗಿ ಅಂದಿನ ಭೇಟಿ ಬೇಟೆಯ ಕಳೆ ಪಡೆದಿತ್ತು. ಮಾವ ಮೇಜಿನ ಹಿಂದೆ ಕೂತು, ಗಾಜಿಗೆ ಬಡಿದು ಸೊಟ್ಟಗಾದ ತಮ್ಮ ಕನ್ನಡಕವನ್ನು ತೆಗೆದು, ಜೇಬಿನಿಂದ ಬೆಂಕಿಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ತೆಗೆದು ರಿಪೇರಿಗೆ ತೊಡಗಿದರು. ಶುರುವಾಗುವ ಮೊದಲು ಒಂದೇ ಮಾತು ಹೇಳಿದರು.

"ಬೀರುಗೆ ಹಾಕಿದ್ರೂ ನನಗೇನೂ ಅವಮಾನ ಇಲ್ಲ. ಆದ್ರೆ ಅಲ್ಲಿ ಬೆಳಕಿಲ್ಲ. ನನ್ನ ಬೆಂಚಿನವರು ಅರ್ಧ ಕಥೆ ಹಿಡ್ಕೊಂಡು ಕೂತಿದ್ದಾರೆ. ಅವರ ಕಣ್ಣಿಗೆ ಆ ಬಲ್ಬಿನ ಕೆಳಗೆ ಓದೋಕಾಗಲ್ಲ. ಅಷ್ಟು ಮನಸ್ಸಲ್ಲಿಟ್ಕೊಳ್ಳಿ."

"ಇಟ್ಕೊಂಡೆ," ಎಂದರು ಹೆಡ್‌ಮೇಡಂ. "ಮೂಗು ಹೇಗಿದೆ?"

"ಇದೆ ಮೇಡಂ."

"ಸಂತೋಷ. ನಿಮ್ಮ ಬೇಟೆಗಾರ ಕಟುಕ."

ನನ್ನ ಪಕ್ಕದಲ್ಲಿದ್ದ ಮಟನ್ ಅಂಗಡಿ ಅಣ್ಣ ಕುರ್ಚಿಯಲ್ಲೇ ಸರಿದು ಕೂತ. ಬಳಗದಲ್ಲಿ ಅತಿ ಹೆಚ್ಚು ಪುಸ್ತಕ ಓದುವವನು ಅವನೇ. ಸಂಜೆಯ ಗಿರಾಕಿ ಕಡಿಮೆಯಾದ ಮೇಲೆ ಕತ್ತಿ ತೊಳೆದಿಟ್ಟು, ಕೈ ತೊಳೆದು, ಪುಸ್ತಕ ಬಿಚ್ಚುತ್ತಾನೆ.

"ಮೇಡಂ, ಆ ಪದ ಬೇಡ. ನಾನಿಲ್ಲೇ ಕೂತಿದ್ದೀನಿ."

"ನಿನಗಲ್ಲಪ್ಪ ಹೇಳಿದ್ದು."

"ಪದ ನಮ್ಮದೇ ತಾನೇ. ಎರವಲು ತಗೊಂಡ್ರೆ ಜೋಪಾನವಾಗಿ ವಾಪಸ್ ಕೊಡ್ಬೇಕು."

ಎಲ್ಲರೂ ನಕ್ಕರು. ಹೆಡ್‌ಮೇಡಂ ನಗಲಿಲ್ಲ, ಆದರೆ ಪದ ವಾಪಸ್ ಕೊಟ್ಟರು. "ಸರಿ, ಕಲ್ಲೆದೆಯವನು. ಚಿರತೆ ಮನುಷ್ಯರನ್ನ ತಿಂತಾ ಇತ್ತು, ಹೊಡೆದ, ಅದಕ್ಕೆ ನನ್ನ ತಕರಾರು ಇಲ್ಲ. ಆದ್ರೆ ಗುಂಡು ತಗುಲಿ ಅದು ಪೊದೆಗೆ ನುಗ್ಗಿದ ಮೇಲೆ, ಒಳಗಿಂದ ಮರಿಗಳ ಸದ್ದು ಕೇಳಿಸುತ್ತೆ. ನಮಗೂ ಕೇಳಿಸುತ್ತೆ, ಅವನಿಗೂ ಕೇಳಿಸುತ್ತೆ. ಅವನೇನು ಮಾಡ್ತಾನೆ? ಮರ ಇಳಿದು ಮನೆಗೆ ಹೋಗ್ತಾನೆ. ಕೊನೇ ಸಾಲು ಓದಿ, ಎಲ್ಲರೂ ಕೇಳಲಿ."

ಕನ್ನಡಕ ಇನ್ನೂ ಕೈಯಲ್ಲೇ ಇದ್ದುದರಿಂದ ಮಾವ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು ಓದಿದರು: "ಆ ರಾತ್ರಿ ಬೇಟೆಗಾರ ನೆಮ್ಮದಿಯಾಗಿ ಮಲಗಿದ."

"ನೆಮ್ಮದಿಯಾಗಿ!" ಎಂದರು ಹೆಡ್‌ಮೇಡಂ. "ಇದನ್ನ ಹತ್ತು ವರ್ಷದ ಹುಡುಗಿ ಓದ್ತಾಳೆ ಅಂದ್ಕೊಳ್ಳಿ. ಏನು ಕಲೀತಾಳೆ? ಏನು ಮಾಡಿದ್ರೂ ಪರವಾಗಿಲ್ಲ, ಹೊದ್ದುಕೊಂಡು ಮಲಗಿದ್ರೆ ಆಯ್ತು ಅಂತ."

ಆಮೇಲೆ ಬಂದ ದನಿ ಶಾಲೆಯದಾಗಿರಲಿಲ್ಲ.

"ನನಗೆ ಹೇಳಿದಾಗ ಹೀಗಿರಲಿಲ್ಲ ಇದು. ನಾನೂ ಆ ಬೆಂಚಿನ ಮೇಲೆ ಕೂತಿದ್ದೆ. ದೃಷ್ಟಿ ಉಳಿಯುತ್ತೋ ಇಲ್ವೋ ಅವತ್ತು ಹೇಳ್ತೀನಿ ಅಂದಿದ್ರು ಡಾಕ್ಟರು. ಜೀವಮಾನ ಎಲ್ಲ ಓದಿಸಿಕೊಂಡು ಬಂದವಳು ನಾನು. ಕೈಕಾಲು ನಡುಗ್ತಾ ಇತ್ತು. ಇವರು ಕಥೆ ಹೇಳ್ತಾ ಇದ್ರು. ಚಿರತೆ ಎದುರಿಗೇ ಬಂದು ನಿಂತಿದೆ, ಎರಡು ಹಳದಿ ಕಣ್ಣು ಇವನನ್ನೇ ನೋಡ್ತಾ ಇದೆ, ಇವನು ಗುರಿ ಇಟ್ಟಿದ್ದಾನೆ. ಆಗ ಇವರು ಹೇಳಿದ್ರು: ಬೇಟೆಗಾರ ಬಂದೂಕು ಕೆಳಗಿಳಿಸಿದ. ಅಷ್ಟೇ. ಎದ್ದು ಒಳಗೆ ಹೋಗುವಾಗ ನನ್ನ ಕೈ ನಡುಗ್ತಾ ಇರಲಿಲ್ಲ."

ಅವರಿಗೆ ಕಣ್ಣು ಉಳಿದದ್ದು ನಮಗೆಲ್ಲ ಗೊತ್ತಿತ್ತು, ಅವರು ನಡುಗಿದ್ದರೆಂಬುದು ಗೊತ್ತಿರಲಿಲ್ಲ.

"ಪುಸ್ತಕದಲ್ಲೂ ಇಳಿಸ್ತಾನಲ್ಲ ಮೇಡಂ," ಎಂದ ಮಟನ್ ಅಂಗಡಿ ಅಣ್ಣ ಮೆಲ್ಲಗೆ. "ಕನ್ನಡಕ ಮಂಜಾಗಿರುತ್ತೆ, ಒರೆಸ್ಕೊಳ್ಳೋಕೆ ಇಳಿಸ್ತಾನೆ. ಒರೆಸ್ಕೊಂಡು ಹೊಡೀತಾನೆ."

"ಅದು ಪುಸ್ತಕದ ಮಾತು. ನನಗೆ ಹೇಳಿದಾಗ ಕನ್ನಡಕದ ಸುದ್ದಿಯೇ ಇರಲಿಲ್ಲ. ಅವನು ಬಿಟ್ಟುಬಿಟ್ಟ."

"ನನಗೆ ಹೇಳಿದಾಗ ಅವನಿನ್ನೂ ಮರ ಹತ್ತುತ್ತಾ ಇದ್ದ," ಎಂದ ಅಣ್ಣ.

"ನನ್ನ ಕಥೇಲಿ ಚಿರತೆ ಇನ್ನೂ ಹೊಳೆ ದಾಟ್ತಾ ಇತ್ತು," ಎಂದರು ಹಿಂದಿನ ಸಾಲಿನಿಂದ ಆಸ್ಪತ್ರೆಯ ನರ್ಸಮ್ಮ.

ನನಗೆ ಮಾತ್ರ ಎಲ್ಲ ಕನ್ನಡಿಯಲ್ಲಿ ಕಂಡಂತೆ ಕಂಡಿತು. ಭಯದಲ್ಲಿ ಮುದುಡಿ ಕೂತ ಹೆಂಗಸಿನ ಎದುರು ಚಿರತೆಯನ್ನು ಕೊಲ್ಲಲು ಮಾವನಿಗೆ ಮನಸ್ಸು ಬಂದಿಲ್ಲ. ಪುಸ್ತಕಕ್ಕೆ ಒಂದು ಅಂತ್ಯ, ಅವರೊಬ್ಬರಿಗೆ ಮಾತ್ರ ಇನ್ನೊಂದು. ಎಂಥ ದೊಡ್ಡ ಮನಸ್ಸು ಎಂದು ಮಾವನ ಕಡೆ ನೋಡಿದೆ. ಅವರು ತಲೆ ಬಗ್ಗಿಸಿ ತಿರುಪಿನ ತೂತು ಹುಡುಕುತ್ತಿದ್ದರು.

"ನೆಮ್ಮದಿಯಾಗಿ ಅಂತ ಯಾಕೆ ಬರೆದ್ರಿ?" ಎಂದು ಕೇಳಿದರು ಗ್ರಂಥಪಾಲಕರು. ಬೀರುವಿನ ಕೀಲಿಕೈ ಆಗಲೇ ಅವರ ಬೆರಳಲ್ಲಿ ತಿರುಗುತ್ತಿತ್ತು.

ಮಾವ ಯೋಚಿಸಿದರು. ಬೇರೆ ಲೇಖಕರಾಗಿದ್ದರೆ ಅದು ವ್ಯಂಗ್ಯ, ಅದು ಕಲೆ, ನಿಮಗೆ ಅರ್ಥವಾಗಲಿಲ್ಲ ಎಂದು ಏನಾದರೂ ಹೇಳಿ ಪಾರಾಗುತ್ತಿದ್ದರು.

"ಪುಸ್ತಕ ಮುಗೀತಲ್ಲ ಅಂತ ನನಗೆ ನೆಮ್ಮದಿ ಆಗಿತ್ತು ಸರ್. ಅದು ಅವನಿಗೆ ಅಂಟ್ಕೊಂಡುಬಿಟ್ಟಿದೆ. ಮೇಡಂ ಹೇಳಿದ್ದು ಸರಿ. ಆ ನೆಮ್ಮದಿ ಅವನದ್ದಲ್ಲ."

ಕನ್ನಡಕ ರಿಪೇರಿಯಾಗಿತ್ತು. ಅದನ್ನು ಮೂಗಿಗೇರಿಸಿ, ನೋವಿಗೆ ಸಣ್ಣಗೆ ಮುಖ ಕಿವಿಚಿ, ಎದ್ದು ನಿಂತರು. ಆಮೇಲೆ ನಡೆದದ್ದನ್ನು ನಾನು ಯಾವ ಸಾಹಿತ್ಯ ಸಭೆಯಲ್ಲೂ ನೋಡಿಲ್ಲ. ಇಡೀ ಬಳಗವನ್ನು ಒಟ್ಟಿಗೆ ತಮ್ಮ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದವರಂತೆ, ಒಂದೊಂದೇ ಮಸೂರ ಇಳಿಬಿಡತೊಡಗಿದರು.

"ಈಗ ನೋಡಿ. 'ಆ ರಾತ್ರಿ ಬೇಟೆಗಾರ ನೆಮ್ಮದಿಯಾಗಿ ಮಲಗಿದ.' ಅದು ಹಳೇದು. 'ಆ ರಾತ್ರಿ ಬೇಟೆಗಾರನಿಗೆ ನಿದ್ದೆ ಬರಲಿಲ್ಲ.' ಇದೋ, ಅದೋ?"

"ಇದು," ಎಂದರು ಹೆಡ್‌ಮೇಡಂ ತಟ್ಟನೆ. "ಇದೇ ಸರಿ."

"ಸರಿಯಲ್ಲ ಮೇಡಂ," ಎಂದರು ನರ್ಸಮ್ಮ. ನರ್ಸಮ್ಮನನ್ನೂ ನಾವು ಸಿಸ್ಟರ್ ಎಂದೇ ಕರೆಯುವುದು. ನನ್ನ ಬಾಳಿನಲ್ಲಿ ಸಿಸ್ಟರುಗಳು ಎರಡು ಬಗೆ: ತಪ್ಪು ಮಾಡಿದರೆ ಚುಚ್ಚಿ ಮಾತಾಡುವವರು, ತಪ್ಪು ಮಾಡದಿದ್ದರೂ ಚುಚ್ಚುವವರು. "ಅದು ಕೇಳೋಕೆ ಚೆನ್ನಾಗಿದೆ, ಆದ್ರೆ ಸುಳ್ಳು. ನಿದ್ದೆ ಬರುತ್ತೆ. ನನ್ನ ವಾರ್ಡಲ್ಲಿ ಎಷ್ಟೋ ಜನ ನನ್ನ ಕೈಯಲ್ಲೇ ಹೋಗಿದ್ದಾರೆ. ಇನ್ನೂ ಏನಾದ್ರೂ ಮಾಡಬಹುದಿತ್ತೇನೋ ಅನ್ನಿಸುತ್ತೆ. ಆದ್ರೂ ಮನೆಗೆ ಹೋಗಿ ಬಿದ್ರೆ ಸಾಕು, ನಿದ್ದೆ. ನಾಚಿಕೆ ಆಗೋಷ್ಟು ಗಾಢ ನಿದ್ದೆ. ಎದ್ದ ಮೇಲೆ ಇರೋದು ಮಿಕ್ಕಿದ್ದೆಲ್ಲ."

ಹೆಡ್‌ಮೇಡಂ ಅವರತ್ತ ತಿರುಗಿ ನೋಡಿದರು. "ನಿದ್ದೆ ಬರೋದು ತಪ್ಪಲ್ಲ ಅಂತೀಯಾ?"

"ನಿದ್ದೆಗೆ ಅದೆಲ್ಲ ಗೊತ್ತಾಗಲ್ಲ ಮೇಡಂ."

"ಸರಿ, ಇನ್ನೊಂದ್ಸಲ ನೋಡೋಣ," ಎಂದರು ಮಾವ, ಅದೇ ಹಳೆಯ ಧಾಟಿಯಲ್ಲಿ. "'ಆ ರಾತ್ರಿ ಬೇಟೆಗಾರ ಮಲಗಿದ.' ನೆಮ್ಮದಿ ತೆಗೆದೆ. ಈಗ?"

"ಈಗ ಸುಳ್ಳಿಲ್ಲ," ಎಂದರು ನರ್ಸಮ್ಮ.

"ನ್ಯಾಯವೂ ಇಲ್ಲ," ಎಂದರು ಹೆಡ್‌ಮೇಡಂ. "ಮಲಗಿದ, ಆಯ್ತು. ಆಮೇಲೆ?"

"ಬೆಳಿಗ್ಗೆ ಹೋಗ್ಬೇಕು," ಎಂದ ಮಟನ್ ಅಂಗಡಿ ಅಣ್ಣ. "ಪೆಟ್ಟು ತಿಂದಿದ್ದನ್ನ ಹಾಗೇ ಬಿಟ್ಟು ಬರೋ ಹಾಗಿಲ್ಲ. ಅರ್ಧ ಮಾಡಿದ ಕೆಲಸ ಎಲ್ಲಕ್ಕಿಂತ ಕೆಟ್ಟದ್ದು. ಹೋಗಿ ಮುಗಿಸ್ಬೇಕು."

"ಮುಗಿಸೋದೇ ಅನ್ನು ನೀನು," ಎಂದರು ಹೆಡ್‌ಮೇಡಂ. "ಮರಿಗಳು? ಅವನ್ನೂ ಮುಗಿಸೋದಾ?"

ಅಣ್ಣ ಕಾಲಬುಡ ನೋಡಿಕೊಂಡ. "ಅದು ಗೊತ್ತಿಲ್ಲ ಮೇಡಂ. ಅಲ್ಲಿ ನಿಂತು ನೋಡಿದ್ರೆ ಗೊತ್ತಾಗ್ಬಹುದು. ಮನೇಲಿ ಮಲಗಿದ್ರೆ ಅಂತೂ ಗೊತ್ತಾಗಲ್ಲ."

ಮಾವ ಕಣ್ಣು ಮುಚ್ಚಿ ನಿಂತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು:

"'ಆ ರಾತ್ರಿ ಬೇಟೆಗಾರ ಮಲಗಿದ. ಬೆಳಕು ಹರಿಯುವ ಮೊದಲೇ ಎದ್ದು, ಒಬ್ಬನೇ, ಆ ಪೊದೆಯ ಕಡೆಗೆ ನಡೆದ.' ಈಗ ಹೇಗೆ ಕಾಣ್ತದೆ?"

"ಅಲ್ಲಿಗೆ ಹೋಗಿ ಏನು ಮಾಡ್ತಾನೆ?" ಎಂದರು ಗ್ರಂಥಪಾಲಕರು.

"ಅದನ್ನ ಓದಿದವರು ಹೇಳ್ಬೇಕು. ನಾನು ದಾರಿ ತನಕ ಬಿಟ್ಟು ಬರ್ತೀನಿ."

ಹೆಡ್‌ಮೇಡಂ ಆ ಎರಡು ಸಾಲುಗಳನ್ನು ಒಮ್ಮೆ ತುಟಿಯಲ್ಲೇ ಹೇಳಿಕೊಂಡರು. "ಸ್ಪಷ್ಟವಾಗಿದೆ," ಎಂದರು. ಮಾವನ ಅಂಗಡಿಯ ಕುರ್ಚಿಯಲ್ಲಿ ಕೂತವರು ಕೊನೆಗೆ ಹೇಳುವ ಮಾತೇ ಅದು.

ಮಾವ ಪೆನ್ನು ತೆಗೆದು ಪುಸ್ತಕದ ಕೊನೆಯ ಪುಟ ಬಿಚ್ಚಿದರು. ಗ್ರಂಥಪಾಲಕರು ಮೇಜಿನ ಮೇಲೆ ಹಾರಿಬಿದ್ದರು. "ಏ ಏ ಏ! ಲೈಬ್ರರಿ ಪುಸ್ತಕದಲ್ಲಿ ಗೀಚಬಾರದು!"

"ಬರೆದಿದ್ದೇ ಅವರಲ್ವಾ ಸ್ವಾಮಿ?" ಎಂದೆ ನಾನು.

"ಬರೆಯೋವಾಗ ಅವರದ್ದು. ಮುದ್ರೆ ಬಿದ್ದ ಮೇಲೆ ವಾಚನಾಲಯದ್ದು. ಗೀಚಿದ ಪುಸ್ತಕ ಕಿಟಕಿಗೆ ಇಡೋ ಹಾಗೇ ಇಲ್ಲ."

ಕಷ್ಟಪಟ್ಟು ತಿದ್ದಿದ ಒಂದು ಆತ್ಮಸಾಕ್ಷಿ ಹೀಗೆ ಕಚೇರಿ ನಿಯಮಕ್ಕೆ ಸಿಕ್ಕಿ ಬೀರುವಿಗೆ ಬೀಳುವುದರಲ್ಲಿತ್ತು. ಉಳಿಸಿದವರು ಅತ್ತೆ. ಚೀಲದಿಂದ ಅಂಗಡಿಯ ಚೀಟಿ ತೆಗೆದು ಗಂಡನ ಮುಂದಿಟ್ಟರು. ಎಡಗಣ್ಣು, ಬಲಗಣ್ಣು ಎಂದು ನಂಬರು ಬರೆದು ಕೊಡುವ ಆ ಸಣ್ಣ ಚೀಟಿ. "ಇದರ ಹಿಂದೆ ಬರೆದು ಅಂಟಿಸಿ. ಅಂಟಿಸಬಾರದು ಅಂತ ಎಲ್ಲಾದ್ರೂ ಬರೆದಿದ್ಯಾ ಸರ್?"

ಬರೆದಿರಲಿಲ್ಲ. ಹರಿದ ಪುಟಗಳಿಗೆ ಗ್ರಂಥಪಾಲಕರೇ ದಿನವೂ ಚೀಟಿ ಅಂಟಿಸುವವರು. ಸೋತೆ ಎಂದು ಹೇಳದೆ, ಸುಮ್ಮನೆ ಅಂಟಿನ ಡಬ್ಬಿ ಮುಂದಕ್ಕೆ ತಳ್ಳಿದರು. ಮಾವ ದುಂಡಗೆ ಬರೆದರು, ಅತ್ತೆ ಹಳೆಯ ಸಾಲಿನ ಮೇಲೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದರು. ನೆಮ್ಮದಿ ಶಾಶ್ವತವಾಗಿ ಚೀಟಿಯಡಿಗೆ ಹೋಯಿತು.

"ಕೈ ಎತ್ತಿ," ಎಂದರು ಗ್ರಂಥಪಾಲಕರು. "ಕಿಟಕಿಗೆ ಯಾರು?"

ಎಲ್ಲರೂ ಹೆಡ್‌ಮೇಡಂ ಕಡೆ ನೋಡಿದೆವು. ಅವರು ಯಾರನ್ನೂ ನೋಡಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದಂತೆಯೇ, ಮೊಣಕೈ ನೆಟ್ಟಗೆ, ಬೆರಳು ಜೋಡಿಸಿ ಕೈ ಎತ್ತಿದರು. ಆಮೇಲೆ ಕೋಣೆಯಲ್ಲಿ ಎತ್ತದ ಕೈ ಒಂದೂ ಇರಲಿಲ್ಲ. ಜವಾನನೂ ಬಟ್ಟೆ ಹಿಡಿದ ಕೈಯನ್ನೇ ಎತ್ತಿದ್ದ, ಅವನಿಗೆ ಮತ ಇಲ್ಲದಿದ್ದರೂ.

ಪುಸ್ತಕ ಕಿಟಕಿಯ ಕಪಾಟಿಗೆ ಹೋಯಿತು. ಈಗಲೂ ಅಲ್ಲೇ ಇದೆ. ಹೊಸ ಕನ್ನಡಕ ಹಾಕಿಕೊಂಡವರು ಬಂದು, ತಾವು ಕೇಳಿದ ತುಣುಕು ಯಾವ ಪುಟದಲ್ಲಿದೆ ಎಂದು ಹುಡುಕಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಓದುತ್ತಾರೆ. ಕೊನೆಯ ಪುಟ ತಲುಪಿದವರು ಆ ಚೀಟಿಯ ಮೇಲೆ ಬೆರಳಾಡಿಸಿ, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂರುವುದನ್ನು ನಾನು ಕಂಡಿದ್ದೇನೆ. ಓದುಗರ ತಕರಾರಿಗೆ ಪುಸ್ತಕ ಬಿಟ್ಟುಕೊಟ್ಟ ಲೇಖಕರು ಇರಬಹುದು. ಓದುಗರ ಕಣ್ಣಿನಿಂದಲೇ ತನ್ನ ಪುಸ್ತಕ ನೋಡಿ, ಹೌದು ಇಲ್ಲಿ ಮಸುಕಾಗಿದೆ ಎಂದು ಒಪ್ಪಿದವರನ್ನು ನಾನು ಇವರೊಬ್ಬರನ್ನೇ ಕಂಡದ್ದು.

ಆದರೆ ಅಂದಿನ ಸಂಜೆ ಇನ್ನೂ ಮುಗಿದಿರಲಿಲ್ಲ. ಕುರ್ಚಿಗಳು ಕದಲತೊಡಗಿದ್ದವು. ಹೆಡ್‌ಮೇಡಂ ಮೇಜಿನ ಹತ್ತಿರ ಬಂದು ನಿಂತರು. ಸುತ್ತಲಿದ್ದವರೆಲ್ಲ ಕಿವಿ ಅತ್ತಲೇ ಇಟ್ಟು, ಚೀಲ ಹುಡುಕುವ ನೆಪ ಮಾಡಿದೆವು.

"ಒಂದು ಮಾತು ಕೇಳ್ತೀನಿ, ಸಂಕೋಚ ಬೇಡ, ನಿಜ ಹೇಳಿ," ಎಂದರು ಹೆಡ್‌ಮೇಡಂ, ನಾವು ಯಾವತ್ತೂ ಕೇಳಿರದ ಮೆತ್ತಗಿನ ದನಿಯಲ್ಲಿ. "ಎಲ್ಲರಿಗೂ ಹೊಡೆದ ಅಂತ ಬರೆದವರು, ಅವತ್ತು ನನಗೊಬ್ಬಳಿಗೆ ಬಂದೂಕು ಇಳಿಸಿದ ಅಂತ ಹೇಳಿ ನಿಲ್ಲಿಸಿದ್ರಲ್ಲ, ಯಾಕೆ? ನನ್ನ ಕೈ ನಡುಗ್ತಾ ಇದ್ದದ್ದು ನೋಡಿದ್ರಿ ತಾನೇ?"

ನಾನು ಈ ಬರಹದ ಕೊನೆಯ ಸಾಲು ಇಲ್ಲೇ ಸಿಗುತ್ತದೆ ಎಂದು ಮನಸ್ಸಿನಲ್ಲೇ ಪೆನ್ನು ಬಿಚ್ಚಿ ಕಾದೆ.

ಮಾವ ಊದಿಕೊಂಡ ಮೂಗನ್ನು ಸವರಿಕೊಂಡರು.

"ಇಲ್ಲ ಮೇಡಂ, ಅವನು ಕನ್ನಡಕ ಒರೆಸ್ಕೊಳ್ಳೋಕೇ ಇಳಿಸಿದ್ದು. ಅಷ್ಟರಲ್ಲಿ ಕಾಂಪೌಂಡರ್ ನಿಮ್ಮ ನಂಬರ್ ಕೂಗಿಬಿಟ್ಟ."